ಲೈಡನ್‌ನಲ್ಲಿ ಎಷ್ಟು ದಿನ ಇರ್ತಿ?

"ಎಷ್ಟು ದಿನ ಇರ್ತಿ?" ಎಂದು ಗೆಳತಿ ಫೋನಿನಲ್ಲಿ ಕೇಳಿದ್ದೇ ತಡ, ನನಗೆ ಮೈಯೆಲ್ಲ ಉರಿದುಹೋಯಿತು.

ಬಾ ಎಂದು ಕರೆದವಳೇ ಅವಳು. ಇಪ್ಪತ್ತು ವರ್ಷದಿಂದ ನೆದರ್‌ಲ್ಯಾಂಡ್ಸ್‌ನ ಲೈಡನ್ ಎಂಬ ಹಳೆಯ ಊರಿನಲ್ಲಿದ್ದಾಳೆ. ಅಲ್ಲಿನ ವೃದ್ಧರ ಆರೈಕೆಯ ಮನೆಯೊಂದರಲ್ಲಿ ನರ್ಸ್. ಗಂಡ ಹಡಗಿನ ಎಂಜಿನಿಯರ್, ವರ್ಷದ ಅರ್ಧ ಸಮುದ್ರದ ಮೇಲೆ. ಮಕ್ಕಳಿಲ್ಲ. ಅವಳ ತಾಯಿ ಊರಿನಲ್ಲಿ ತೀರಿಹೋಗಿ ಆಗ ಎರಡು ತಿಂಗಳಾಗಿತ್ತು. "ಒಮ್ಮೆ ಬಂದು ಹೋಗು ಮಾರಾಯ್ತಿ, ನಿನ್ನ ಹತ್ತಿರ ಮಾತಾಡ್ಲಿಕ್ಕುಂಟು" ಎಂದಳು. ನಾನು ಹೂಂ ಎಂದೆ. ಹೂಂ ಎಂದು ಬಾಯಿ ಮುಚ್ಚುವುದರೊಳಗೆ ಈ ಪ್ರಶ್ನೆ!

"ಮೂರು ದಿನ" ಎಂದೆ. "ಹೋಟೆಲ್ ಮಾಡ್ತೇನೆ. ನಿನಗೆ ಸುಮ್ಮನೆ ತೊಂದರೆ ಬೇಡ."

ಆ ಕಡೆಯಿಂದ "ಆಯ್ತು" ಎಂದಳು. ಆಯ್ತಂತೆ! ಮೂರೇ ದಿನವಾ ಎಂದು ಕೇಳಲಿಲ್ಲ, ಹೋಟೆಲ್ ಎಂತಕ್ಕೆ ಎಂದು ಬೈಯಲಿಲ್ಲ. ಫೋನ್ ಇಟ್ಟ ಮೇಲೆ ಅಬುಧಾಬಿಯ ನಮ್ಮ ಅಡುಗೆಮನೆಯಲ್ಲಿ ಪಾತ್ರೆಗಳ ಮೇಲೆ ನನ್ನ ಸಿಟ್ಟು ತೀರಿಸಿಕೊಂಡೆ. ಗಂಡ ಬಾಗಿಲಲ್ಲಿ ನಿಂತು ನೋಡಿದರು, ಏನೂ ಕೇಳದೆ ವಾಪಸು ಹೋದರು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಯಾವಾಗ ಕೇಳಬಾರದು ಎಂಬುದು ಅವರಿಗೆ ಗೊತ್ತು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಗೆ ಬರುವವರನ್ನು ಎಷ್ಟು ದಿನ ಇರುತ್ತೀರಿ ಎಂದು ಕೇಳುವುದಿಲ್ಲ. ಕೇಳಿದರೆ ಯಾವಾಗ ಹೊರಡುತ್ತೀರಿ ಎಂದು ಕೇಳಿದ ಹಾಗೆ. ಬಂದವರೇ "ನಾಳೆ ಹೋಗ್ಬೇಕು" ಎನ್ನಬೇಕು, ನಾವು "ಎಂತ ಅವಸರ, ನಾಲ್ಕು ದಿನ ಇದ್ದು ಹೋಗಿ" ಎಂದು ಎಳೆಯಬೇಕು, ಅವರು "ಇಲ್ಲ ಇಲ್ಲ" ಎನ್ನಬೇಕು, ನಾವು ಅವರ ಬ್ಯಾಗನ್ನು ಕಪಾಟಿನ ಮೇಲೆ ಅಡಗಿಸಿಡಬೇಕು. ಬಾಯಲ್ಲಿ ಹೇಳುವ ದಿನ ಬೇರೆ, ಇರುವ ದಿನ ಬೇರೆ. ಇದು ಇಬ್ಬರಿಗೂ ಗೊತ್ತಿರುತ್ತದೆ. ಗಲ್ಫಿಗೆ ಬಂದ ಮೇಲೆ ನಾವು ಇದರಲ್ಲಿ ಇನ್ನೂ ಪಳಗಿದ್ದೇವೆ. ರಜೆ ಮೂವತ್ತು ದಿನ ಸಿಕ್ಕಿದರೆ ಊರಿನಲ್ಲಿ ಇಪ್ಪತ್ತು ಎನ್ನುತ್ತೇವೆ, ಉಳಿದ ಹತ್ತರಲ್ಲಿ ಹಲ್ಲಿನ ಡಾಕ್ಟರು, ತವರುಮನೆ, ಸ್ವಲ್ಪ ನಿದ್ದೆ.

ನನಗೆ ಹೆಚ್ಚು ನೋವಾದದ್ದು ಬೇರೆ ಕಾರಣಕ್ಕೆ. ಎಷ್ಟು ದಿನ ಎಂದು ಕೇಳಬಾರದೆಂದು ನನಗೆ ಹೇಳಿಕೊಟ್ಟದ್ದು ಇವಳ ತಾಯಿಯೇ.

ಅವಳು ಲೈಡನ್ನಿಗೆ ಹೋಗುವ ಮೊದಲು ನಾವಿಬ್ಬರೂ ಬರ್ ದುಬೈಯಲ್ಲಿ ಒಂದೇ ರೂಮಿನಲ್ಲಿದ್ದೆವು. ರೂಮು ಎಂದರೆ ಪೂರ್ತಿ ರೂಮಲ್ಲ. ಫ್ಲಾಟಿನ ಹಾಲಿಗೆ ಪ್ಲೈವುಡ್ ಅಡ್ಡ ಕಟ್ಟಿ ಮಾಡಿದ ಅರ್ಧ. ಎರಡು ಮಂಚ, ನಡುವೆ ಒಬ್ಬರು ಅಡ್ಡ ಸರಿದು ಹೋಗುವಷ್ಟು ಜಾಗ. ಕೆಳಗೆ ಬಟ್ಟೆ ಅಂಗಡಿಗಳು, ಆಚೆ ದೇವಸ್ಥಾನದ ಗಲ್ಲಿಯ ಮಲ್ಲಿಗೆ, ಇನ್ನೂ ಆಚೆ ಕ್ರೀಕ್ ಎನ್ನುವ ಸಮುದ್ರದ ಹಿನ್ನೀರು. ನಾನು ಒಂದು ಕ್ಲಿನಿಕ್ಕಿನಲ್ಲಿ ಫೈಲು ನೋಡಿಕೊಳ್ಳುವವಳು, ಅವಳು ಅದೇ ಕ್ಲಿನಿಕ್ಕಿನ ನರ್ಸ್. ನನ್ನ ಮನೆಮಾತು ಕೊಂಕಣಿ, ಅವಳದ್ದು ಬ್ಯಾರಿ, ಹಾಗಾಗಿ ಜಗಳ, ನಗು, ಗುಟ್ಟು ಎಲ್ಲ ಕನ್ನಡದಲ್ಲೇ. ಅವಳ ತಾಯಿ ವಿಸಿಟ್ ವೀಸಾದಲ್ಲಿ ಒಂದು ತಿಂಗಳಿಗೆ ಬಂದರು. ಅವಳಿಗೆ ಉಮ್ಮ, ಮೂರನೆಯ ದಿನಕ್ಕೆ ನನಗೂ ಉಮ್ಮ. ನನ್ನ ಮಂಚ ಅವರಿಗೆ ಬಿಟ್ಟು ನಾನು ಕೆಳಗೆ ಚಾಪೆ ಹಾಸಿಕೊಂಡೆ. ರಾತ್ರಿ ಎದ್ದಾಗ ನನ್ನನ್ನು ತುಳಿಯಬಾರದೆಂದು ಅವರು ಮಂಚದ ಕೊನೆಯಿಂದ ಇಳಿಯುತ್ತಿದ್ದರು.

ಒಮ್ಮೆ ಪಕ್ಕದ ರೂಮಿನವಳಿಗೆ ನೆಂಟರು ಬಂದಾಗ ನಾನು ಬಾಯಿ ತಪ್ಪಿ "ಎಷ್ಟು ದಿನ ಇರ್ತೀರಿ?" ಎಂದು ಕೇಳಿಬಿಟ್ಟೆ. ಒಳಗೆ ಬಂದ ಕೂಡಲೇ ಉಮ್ಮ ನನ್ನ ಕಿವಿ ಹಿಂಡಿದರು. "ಬಂದವರ ಹತ್ರ ಹಾಗೆಲ್ಲ ಕೇಳ್ಬಾರದು ಮಗಾ. ಅವರಿಗೆ ಅನ್ನ ಗಂಟಲಲ್ಲಿ ಇಳಿಯುದಿಲ್ಲ ಮತ್ತೆ." ಆ ಕಿವಿ ಇನ್ನೂ ನೆನಪಿದೆ. ಅಂಥವರ ಮಗಳು ನನ್ನನ್ನೇ ಕೇಳುವುದಾ!

ಇರಲಿ. ಮೂರು ದಿನ ಎಂದಾಗಿತ್ತು, ಇನ್ನು ಹಿಂದೆ ಸರಿಯಲು ನನ್ನ ಹಟ ಬಿಡಲಿಲ್ಲ. ಈಗ ನಾವಿರುವುದು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ, ನನ್ನ ಕೆಲಸ ಒಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ. ಗಂಡ ಊಟದ ಮೇಜಿನ ಮುಂದೆ ಲ್ಯಾಪ್‌ಟಾಪ್ ತೆರೆದು ಲೈಡನ್ನಿನ ಬಗ್ಗೆ ಓದತೊಡಗಿದರು. "ಅರ್ಧ ದಿನ ಸಾಕಂತೆ" ಎಂದರು ಮೊದಲು. ಆಮೇಲೆ "ಇಲ್ಲೊಬ್ಬ ಎರಡು ದಿನ ಬೇಕು ಅಂತಾನೆ. ಮ್ಯೂಸಿಯಮ್ ನೋಡುವವರಿಗೆ ಮೂರು." ಕೊನೆಗೆ ಕನ್ನಡಕ ತೆಗೆದು ತೀರ್ಪು ಕೊಟ್ಟರು: "ಒಂದು ಕಾಲುವೆ, ಒಂದು ಗಾಳಿಯಂತ್ರ, ಎರಡು ಚರ್ಚು. ನಿನಗೆ ಮೂರು ದಿನ ಜಾಸ್ತಿಯೇ ಆಯ್ತು." ಆಸ್ಪತ್ರೆಯಲ್ಲಿ ಜೊತೆಗೆ ಕೂರುವವಳಂತೂ ಆಮ್‌ಸ್ಟರ್‌ಡ್ಯಾಮ್ ಬಿಟ್ಟು ಅಲ್ಲಿಗೆ ಯಾರು ಹೋಗುತ್ತಾರೆ ಎಂದು ನಕ್ಕಳು. ಊರು ನೋಡಲು ಎಷ್ಟು ದಿನ ಬೇಕೆಂದು ಹೇಳುವವರು ಎಲ್ಲ ಕಡೆ ಇದ್ದರು. ನಾನು ಹೋಗುತ್ತಿದ್ದದ್ದು ಊರು ನೋಡಲಿಕ್ಕೆ ಅಲ್ಲವೆಂಬುದು ನನಗೇ ಮರೆತುಹೋಗಿತ್ತು.

ವೀಸಾಕ್ಕೆ ಅರ್ಜಿ ಹಾಕಿದೆ. ಆಸ್ಪತ್ರೆಯ ಪತ್ರ, ವಿಮೆ, ಟಿಕೆಟ್, ಹೋಟೆಲ್ ಬುಕಿಂಗ್. ಎಷ್ಟು ದಿನ ಎಂಬ ಜಾಗದಲ್ಲಿ ಐದು ಎಂದು ಬರೆದೆ. ನಡುವಿನ ಮೂರು ದಿನ, ಹೋಗುವ ದಿನ ಒಂದು, ಬರುವ ದಿನ ಒಂದು. ಬರೆಯುವಾಗ ಮನಸ್ಸಿನ ಮೂಲೆಯಲ್ಲಿ ಒಂದು ಯೋಚನೆ ಇತ್ತು, ಸುಳ್ಳು ಹೇಳುವುದಿಲ್ಲ. ಅಲ್ಲಿ ಹೋದ ಮೇಲೆ ಅವಳು ಹೇಗೂ ಬಿಡುವುದಿಲ್ಲ, ಎಳೆದಾಡುತ್ತಾಳೆ, ಆಗ ಟಿಕೆಟ್ ಮುಂದೆ ಹಾಕಿದರಾಯಿತು. ರಜೆಯನ್ನು ಮಾತ್ರ ಹತ್ತು ದಿನಕ್ಕೆ ಹಾಕಿಟ್ಟೆ. ಅಷ್ಟು ಸಿಟ್ಟಿನಲ್ಲೂ ಹತ್ತು ದಿನ!

ಹೊರಡುವ ಮೊದಲು ಅಲ್ ಮೀನಾ ಮಾರ್ಕೆಟ್ಟಿಗೆ ಹೋಗಿ ಖರ್ಜೂರ ತಂದೆ. ಒಣ ಸಿಗಡಿ ಹುರಿದು ಚಟ್ನಿಪುಡಿ ಮಾಡಿದೆ. ಗಂಡ ಪೆಟ್ಟಿಗೆ ಎತ್ತಿ ನೋಡಿ "ಮೂರು ದಿನಕ್ಕೆ ಹೋಗುವವಳಾ ಇದು?" ಎಂದರು.

ಮಂಗಳವಾರ ಮಧ್ಯಾಹ್ನ ಲೈಡನ್ ಸ್ಟೇಷನ್ನಿನಲ್ಲಿ ಇಳಿದೆ. ಸೈಕಲ್ಲುಗಳ ಸಾಗರದ ಮುಂದೆ ಅವಳು ನಿಂತಿದ್ದಳು. ಸಣ್ಣಗಾಗಿದ್ದಳು. ಮಾತಿಗೆ ಮೊದಲು ನನ್ನ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡಳು.

"ಹೋಟೆಲ್ ಆ ಕಡೆ" ಎಂದೆ, ಇನ್ನೂ ಬಿಗುಮಾನದಲ್ಲೇ.

"ಹೋಟೆಲಿನವನಿಗೆ ಖಲಾಸ್ ಅಂತ ಹೇಳಿ ಆಯ್ತು. ನಡಿ ಸುಮ್ಮನೆ."

ಅವಳ ಬಾಯಲ್ಲಿ ಇಪ್ಪತ್ತು ವರ್ಷದ ಮೇಲೂ ದುಬೈಯ ಆ ಖಲಾಸ್ ಉಳಿದಿತ್ತು. ನನ್ನ ಕೋಪ ಅಲ್ಲಿಯೇ ಅರ್ಧ ಇಳಿಯಿತು.

ಕಾಲುವೆಯ ಪಕ್ಕದ ಕಿರಿದಾದ ಮನೆ. ಏಣಿಯಂತೆ ಕಡಿದಾದ ಮೆಟ್ಟಿಲು. ಕೈ ತೊಳೆಯಲು ಅಡುಗೆಮನೆಗೆ ಹೋದವಳು ಗೋಡೆಯ ಕ್ಯಾಲೆಂಡರ್ ನೋಡಿ ನಿಂತೆ. ಆ ಮಂಗಳವಾರದಿಂದ ಶುರುವಾಗಿ ಹದಿನಾಲ್ಕು ಚೌಕಗಳಿಗೆ ಹಸಿರು ಪೆನ್ಸಿಲ್ ಬಳಿದಿತ್ತು. ಪ್ರತಿ ಚೌಕದಲ್ಲೂ ಅವಳ ಗುಂಡಗಿನ ಕನ್ನಡ ಅಕ್ಷರ. ಬುಧವಾರ, ಕಾಲುವೆ ದಂಡೆಯ ಸಂತೆ. ಗುರುವಾರ, ಗಾಳಿಯಂತ್ರ. ಒಂದರಲ್ಲಿ ಉಮ್ಮನ ಪತ್ತಿರ್, ಅಂದರೆ ಅವರ ಮನೆಯ ಅಕ್ಕಿರೊಟ್ಟಿ. ಒಂದರಲ್ಲಿ ಉಮ್ಮನ ಫೋಟೊ. ಎರಡನೆಯ ವಾರದ ನಡುವೆ ಒಂದು ಚೌಕದಲ್ಲಿ "ಎಂತ ಇಲ್ಲ, ಸುಮ್ಮನೆ" ಎಂದಿತ್ತು.

"ಇದೆಂತದು?" ಎಂದೆ.

"ನಾನು ರಜೆ ಹಾಕಿದ್ದು. ಎರಡು ವಾರ." ಅವಳು ಚಹಾ ಸೋಸುತ್ತ ಹೇಳಿದಳು. "ಮೂರು ದಿನ ಅಂತೆ, ಹೋಟೆಲ್ ಅಂತೆ! ನೀನು ಸಂಕೋಚಕ್ಕೆ ಹೇಳಿದ್ದು ಅಂತ ನಂಗೆ ಗೊತ್ತಾಗುದಿಲ್ವಾ? ನಿನ್ನ ಬ್ಯಾಗ್ ಎಲ್ಲಿ ಅಡಗಿಸುದು ಅಂತ ಜಾಗ ಕೂಡ ನೋಡಿ ಇಟ್ಟಿದ್ದೇನೆ."

ಪರ್ಸಿನಿಂದ ಪಾಸ್‌ಪೋರ್ಟ್ ತೆಗೆದು ವೀಸಾದ ಪುಟ ತೆರೆದು ಮೇಜಿನ ಮೇಲಿಟ್ಟೆ. ಇರಬಹುದಾದ ದಿನ: ಐದು. ಬಂದ ದಿನವೂ ಸೇರಿ, ಹೋಗುವ ದಿನವೂ ಸೇರಿ.

ಅವಳು ಮೊದಲು ನಕ್ಕಳು. "ಮುಂದೆ ಹಾಕಿದರೆ ಆಯ್ತಲ್ಲ" ಎಂದಳು. ಅವಳ ಕೈಯಲ್ಲಿ ಈಗ ಡಚ್ ಪಾಸ್‌ಪೋರ್ಟ್. ನಮ್ಮ ಪಾಸ್‌ಪೋರ್ಟಿನ ನಡವಳಿಕೆ ಅವಳಿಗೆ ಮರೆತೇ ಹೋಗಿತ್ತು. ಕೇಳಿದಷ್ಟೇ ಕೊಡುತ್ತಾರೆ, ಆಸ್ಪತ್ರೆಗೆ ಬಿದ್ದರೆ ಹೊರತು ಮುಂದೆ ಹಾಕುವುದಿಲ್ಲ ಎಂದು ನಾನು ಹೇಳಿದ ಮೇಲೆ ಅವಳು ಆ ಅಂಕಿಯನ್ನು ಇನ್ನೊಮ್ಮೆ ನೋಡಿದಳು. ಕುರ್ಚಿ ಎಳೆದು ಕುಳಿತಳು.

"ಐದು ಅಂತ ನೀನೇ ಬರೆದದ್ದಾ?"

"ನಾನೇ."

"ಎಂತಕ್ಕೆ?"

"ನೀನು ಎಷ್ಟು ದಿನ ಇರ್ತಿ ಅಂತ ಕೇಳಿದಿಯಲ್ಲ, ಅದಕ್ಕೆ. ಸಿಟ್ಟು ಬಂತು."

ಎಷ್ಟು ಸಣ್ಣ ಮನಸ್ಸಿನವಳಂತೆ ಕೇಳಿಸಿತು ಅದು! ಎದುರಿನವರು ಎಳೆಯಲಿ ಎಂದು ಬಾಯಿಮಾತಿಗೆ ಹೇಳಿದ ಒಂದು ಅಂಕಿಯನ್ನು ನಾನು ಸರಕಾರಕ್ಕೆ ಬರೆದುಕೊಟ್ಟಿದ್ದೆ. ಸರಕಾರಕ್ಕೆ ಸಂಕೋಚ ಎಲ್ಲಿ ಅರ್ಥವಾಗುತ್ತದೆ? ಅದು "ನಾಲ್ಕು ದಿನ ಇದ್ದು ಹೋಗಿ" ಎನ್ನುವುದಿಲ್ಲ. ಅವಳು ಎದ್ದು ರಬ್ಬರ್ ತಂದು ಕ್ಯಾಲೆಂಡರಿನ ಮುಂದೆ ನಿಂತಳು. ಅಳಿಸಲಿಕ್ಕೆ ಕೈ ಬರಲಿಲ್ಲ, ರಬ್ಬರನ್ನು ಹಾಗೇ ಕಿಟಕಿಯ ಮೇಲಿಟ್ಟಳು.

ಮರುದಿನ ನನಗೆ ಹುಚ್ಚು ಹಿಡಿದಂತಾಗಿತ್ತು. ಹದಿನಾಲ್ಕು ದಿನದ್ದನ್ನು ಮೂರು ದಿನದಲ್ಲಿ ಮುಗಿಸಬೇಕೆಂದು ಬೆಳಗ್ಗೆ ಏಳಕ್ಕೇ ಚಪ್ಪಲಿ ಹಾಕಿ ನಿಂತೆ. ಸಂತೆಗೆ ಓಡಿದೆವು, ಕೋಟೆಯ ದಿಬ್ಬ ಹತ್ತಿದೆವು, ಚರ್ಚಿನೊಳಗೆ ಹೋಗಿ ಹೊರಗೆ ಬಂದೆವು. ಸೇತುವೆಯೊಂದರ ಮೇಲೆ ಅವಳು ನಿಂತುಬಿಟ್ಟಳು. "ಯಲ್ಲಾ ಯಲ್ಲಾ ಅಂತ ಅಟ್ಟಬೇಡ ಮಾರಾಯ್ತಿ. ನಾನು ಕರೆದದ್ದು ಗಾಳಿಯಂತ್ರ ತೋರಿಸ್ಲಿಕ್ಕಾ?"

ಗುರುವಾರ ನಾವು ಎಲ್ಲಿಗೂ ಓಡಲಿಲ್ಲ. ಅವಳ ಮನೆಯ ಹತ್ತಿರವೇ ಬೀದಿಗೆ ತೆರೆಯುವ ಒಂದು ಸಾದಾ ಬಾಗಿಲಿತ್ತು. ತಳ್ಳಿ ಒಳಗೆ ಹೋದರೆ ಅಂಗಳ, ಸುತ್ತ ಪುಟ್ಟ ಪುಟ್ಟ ಮನೆಗಳು, ನಡುವೆ ಹೂದೋಟ, ಒಂದು ಹಳೆಯ ನೀರಿನ ಪಂಪು. ಬಡ ಮುದುಕಿಯರಿಗೆಂದು ನೂರಾರು ವರ್ಷದ ಹಿಂದೆ ಕಟ್ಟಿಸಿದ್ದಂತೆ. ಈ ಊರಿನಲ್ಲಿ ಇಂಥ ಅಂಗಳಗಳು ಬೇಕಾದಷ್ಟಿವೆ. ಜೋರಾಗಿ ಮಾತನಾಡಬಾರದೆಂದು ಬೋರ್ಡು. ಬೆಂಚಿನ ಮೇಲೆ ಕುಳಿತೆವು.

"ಉಮ್ಮ ಹೋದದ್ದು ಬೆಳಿಗ್ಗೆ" ಎಂದು ಶುರುಮಾಡಿದಳು. "ಮಧ್ಯಾಹ್ನದ ನಮಾಜಿನೊಳಗೆ ಮಣ್ಣು ಆಯ್ತು. ನಮ್ಮಲ್ಲಿ ಕಾಯುದಿಲ್ಲ ಅಲ್ವಾ. ನಂಗೆ ಟಿಕೆಟ್ ಸಿಗುವಾಗ ಸಂಜೆ. ಎಂತಕ್ಕೆ ಹೋಗುದು ಅಂತ ಹೋಗ್ಲೇ ಇಲ್ಲ. ಫೋನಲ್ಲಿ ನೋಡಿದೆ, ಅರ್ಧ ಗಂಟೆ. ಮರುದಿನ ಡ್ಯೂಟಿಗೆ ಹೋದೆ. ಇಲ್ಲಿ ಎಲ್ಲರೂ ಒಳ್ಳೆಯವರೇ, ಹೂ ತಂದುಕೊಟ್ಟರು. ಆದ್ರೆ ಅವರು ಯಾರೂ ಉಮ್ಮನನ್ನು ಕಂಡವರಲ್ಲ. ಉಮ್ಮ ಹೇಗೆ ನಗ್ತಿದ್ರು ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ."

ಆ ಸುದ್ದಿ ಬಂದ ದಿನ ನಾನೇನು ಮಾಡಿದ್ದೆ ಎಂದು ನನಗೆ ನೆನಪಾಯಿತು. ವಾಟ್ಸಾಪಿನಲ್ಲಿ ಮುಗಿದ ಕೈಯ ಚಿತ್ರ ಕಳಿಸಿದ್ದೆ, ಅಷ್ಟೇ. ನಾಳೆ ಫೋನ್ ಮಾಡಿದರಾಯಿತು ಎಂದುಕೊಂಡದ್ದು ಎರಡು ತಿಂಗಳಾಯಿತು. ಅದನ್ನು ಅವಳಿಗೆ ಹೇಳಿದೆ.

"ಆ ದಿನ ನೂರಾರು ಕೈ ಬಂತು. ನಿನ್ನದೂ ಒಂದು." ಬೈಗುಳವಿಲ್ಲದೆ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು. ನನಗೆ ನಾಚಿಕೆಯಿಂದ ಅಳು ಬಂತು, ಬೋರ್ಡಿನ ಕಡೆ ನೋಡುತ್ತ ಸದ್ದಿಲ್ಲದೆ ಅತ್ತೆ.

ಸ್ವಲ್ಪ ಹೊತ್ತಾದ ಮೇಲೆ ಕೇಳಿದೆ, "ಆದ್ರೂ ಎಷ್ಟು ದಿನ ಅಂತ ನೀನು ಯಾಕೆ ಕೇಳಿದೆ ಹೇಳು. ಉಮ್ಮ ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ರು."

"ರಜೆ ಹಾಕುದು ಬೇಡ್ವಾ? ಇಲ್ಲಿ ಮೂರು ತಿಂಗಳ ಮೊದಲೇ ಹೇಳ್ಬೇಕು. ಇದ್ದ ರಜೆ ಎಲ್ಲ ತೆಗೆದಿಟ್ಟಿದ್ದೆ, ನೀನು ಇರುವಷ್ಟು ದಿನಕ್ಕೆ ಹಸಿರು ಬಳಿಲಿಕ್ಕೆ." ಮೂಗು ಒರೆಸಿಕೊಂಡಳು. "ಮತ್ತೆ... ಎಣಿಸ್ಲಿಕ್ಕೆ. ನನ್ನ ಮನೆಗೆ ಊರಿಂದ ಒಬ್ಬರು ಬರ್ತಾರೆ ಅಂತ ದಿನ ಎಣಿಸದೆ ಎಷ್ಟು ವರ್ಷ ಆಯ್ತು ಗೊತ್ತುಂಟಾ ನಿಂಗೆ?"

ಆಗ ನನಗೆ ಅದು ನೆನಪಾಯಿತು. ಇಷ್ಟು ವರ್ಷ ಅವಳಿಗೆ ಹೇಳದೆ ಇಟ್ಟದ್ದು. ಹೇಳಬಾರದೆಂದು ಅಲ್ಲ, ಹೇಳುವಂಥದ್ದೆಂದು ಅನ್ನಿಸಿರಲಿಲ್ಲ.

ಬರ್ ದುಬೈಯಲ್ಲಿ ಅವಳಿಗೆ ಬೆಳಗಿನ ಪಾಳಿ, ನನಗೆ ಹತ್ತು ಗಂಟೆಯ ಮೇಲೆ. ಅವಳು ಹೋದ ಮೇಲೆ ಉಮ್ಮನಿಗೆ ಅಬ್ರಾ ದೋಣಿಯಲ್ಲಿ ಕೂರುವ ಆಸೆ. ಇಬ್ಬರೂ ಕ್ರೀಕಿನ ದಂಡೆಗೆ ಹೋಗಿ ಆಚೆ ದಡಕ್ಕೆ ದಾಟಿ, ಹತ್ತು ಹೆಜ್ಜೆ ನಡೆದು, ಇನ್ನೊಂದು ದೋಣಿಯಲ್ಲಿ ತಿರುಗಿ ಬರುತ್ತಿದ್ದೆವು. ದೋಣಿ ನಡುನೀರಿಗೆ ಬಂದಾಗ ಉಮ್ಮ ಸೆರಗಿನ ಗಂಟಿನಿಂದ ಮಡಿಸಿದ ವೀಸಾ ಕಾಗದ ತೆಗೆದು ನನ್ನ ಕೈಗೆ ಕೊಡುತ್ತಿದ್ದರು. ಅವರಿಗೆ ಓದಲು ಬರುತ್ತಿರಲಿಲ್ಲ.

"ಇನ್ನೆಷ್ಟು ದಿನ ಉಂಟು ನೋಡು ಮಗಾ."

ನಾನು ಎಣಿಸಿ ಹೇಳುತ್ತಿದ್ದೆ. ಹದಿನೇಳು. ಹದಿನಾರು. ಪ್ರತಿ ಬೆಳಿಗ್ಗೆಯೂ ಅವರು ತಿದ್ದುತ್ತಿದ್ದರು. "ಇವತ್ತನ್ನೂ ಸೇರಿಸಿ ಹೇಳು. ಇವತ್ತು ಇನ್ನೂ ಮುಗಿಲಿಲ್ಲ ಅಲ್ವಾ." ಮತ್ತೆ ಕಾಗದ ಮಡಿಸಿ ಗಂಟು ಹಾಕುತ್ತ, "ನಾನು ಕೇಳಿದ್ದು ಅವಳ ಹತ್ರ ಹೇಳ್ಬೇಡ" ಎನ್ನುತ್ತಿದ್ದರು.

ಇದನ್ನು ಹೇಳಿ ಮುಗಿಸುವಾಗ ಗೆಳತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

"ದಿನಾ ಕೇಳ್ತಿದ್ರಾ?"

"ದಿನಾ. ಒಂದು ದಿನ ಬಿಡದೆ."

"ನಮಗೆಲ್ಲ ಕೇಳ್ಬಾರದು ಅಂತ ಹೇಳಿ..." ಎಂದವಳ ಬಾಯಿಂದ ನಕ್ಕಳೋ ಅತ್ತಳೋ ತಿಳಿಯದ ಒಂದು ಸದ್ದು ಬಂತು. ಎದುರಿನ ಮನೆಯ ಕಿಟಕಿ ಪರದೆ ಸರಿದು ಮುಚ್ಚಿತು. ಬೋರ್ಡಿನ ಮಾತು ಆ ದಿನ ನಾವು ಪಾಲಿಸಲಿಲ್ಲ. ಮತ್ತೆ ಮತ್ತೆ ಅದೇ ಕತೆ ಹೇಳಿಸಿಕೊಂಡಳು. ಕಾಗದ ಯಾವ ಕಡೆಯ ಗಂಟಿನಲ್ಲಿತ್ತು, ಯಾವ ಸೀರೆ, ದೋಣಿಯವನು ಏನೆಂದ. ಗೊತ್ತಿದ್ದದ್ದನ್ನು ಹೇಳಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೆ.

ಶುಕ್ರವಾರ ಪತ್ತಿರ್ ಮಾಡಿದೆವು. ಉಮ್ಮನ ಕೈಯ ಹಾಗೆ ತೆಳ್ಳಗೆ ಬರಲಿಲ್ಲ, ಒಂದಂತೂ ಚಪ್ಪಲಿಯಷ್ಟು ದಪ್ಪ. ನನ್ನ ಸಿಗಡಿ ಚಟ್ನಿಪುಡಿಯ ಜೊತೆ ಅದನ್ನೂ ಬಿಡದೆ ತಿಂದೆವು. ಕೈ ತೊಳೆದು ಬಂದು ನಾನು ಆ ಕ್ಯಾಲೆಂಡರ್ ನೋಡಿದೆ. ಶನಿವಾರದಿಂದ ಆಚೆ ಹಸಿರು ಬಳಿದು ಬರೆದಿಟ್ಟ ದಿನಗಳು. ನಾನು ಹೋದ ಮೇಲೆ ಅವಳು ಈ ಮನೆಯಲ್ಲಿ ಒಬ್ಬಳೇ ಕುಳಿತು ಇವುಗಳನ್ನು ಕಳೆಯಬೇಕು. ನನ್ನ ಬಿಗುಮಾನದ ಬೆಲೆ ಅವಳು ತೆರಬೇಕು. ಛೆ, ಅದು ಆಗುವುದಿಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸಿತು.

"ನಿನ್ನ ಪಾಸ್‌ಪೋರ್ಟ್ ಎಲ್ಲಿ?" ಎಂದೆ.

"ಎಂತಕ್ಕೆ?"

"ಅಬುಧಾಬಿಗೆ ಬರ್ಲಿಕ್ಕೆ ನಿಂಗೆ ವೀಸಾ ಬೇಡ. ಇಳಿದಲ್ಲಿಯೇ ಸ್ಟಾಂಪ್ ಹೊಡೀತಾರೆ, ಯಾರೂ ಎಷ್ಟು ದಿನ ಅಂತ ಬರೆಸಿಕೊಳ್ಳುದಿಲ್ಲ. ನಾನು ಇಲ್ಲಿ ಇರ್ಲಿಕ್ಕಾಗುದಿಲ್ಲ, ನೀನು ಅಲ್ಲಿಗೆ ಬರಬಹುದಲ್ಲ! ಯಲ್ಲಾ, ಹೊರಡು."

"ನಿಂಗೆ ಹುಚ್ಚು" ಎಂದಳು. ಮತ್ತೆ "ಆ ರೂಮು ಈಗಲೂ ಉಂಟಾ?" ಎಂದು ಕೇಳಿದಳು.

"ಕಟ್ಟಡ ಉಂಟು. ಅಬ್ರಾ ಉಂಟು. ಎದ್ದೇಳು."

ಅವಳು ಏಳಲಿಲ್ಲ. "ಉಮ್ಮ ಹೋದ ಮೇಲೆ ಆ ದೋಣಿಯಲ್ಲಿ ಕೂರ್ಲಿಕ್ಕೆ ನನ್ನಿಂದ ಆಗ್ತದಾ?" ಎಂದಳು. ನನಗೆ ಗೊತ್ತಿಲ್ಲ ಎಂದೆ, ಜೊತೆಗೆ ನಾನು ಕೂರುತ್ತೇನೆ ಎಂದೂ ಹೇಳಿದೆ. ಸಂಜೆ ಆರಕ್ಕೆ ಅವಳೇ ಲ್ಯಾಪ್‌ಟಾಪ್ ತೆರೆದು ನನ್ನದೇ ವಿಮಾನದಲ್ಲಿ ಸೀಟು ಹುಡುಕಿದಳು. ನನ್ನ ಬ್ಯಾಗನ್ನು ಅಡಗಿಸಲೆಂದು ನೋಡಿಟ್ಟಿದ್ದ ಮೆಟ್ಟಿಲ ಕೆಳಗಿನ ಗೂಡಿನಿಂದ ಅವಳ ಸ್ವಂತ ಬ್ಯಾಗು ಹೊರಬಂತು.

ವಿಮಾನದಲ್ಲಿ ನಮಗೆ ಬೇರೆ ಬೇರೆ ಸೀಟು. ನಾನು ಎರಡು ಸಲ ಎದ್ದು ಹೋಗಿ ಅವಳು ಇದ್ದಾಳೆಯೇ ಎಂದು ನೋಡಿ ಬಂದೆ.

ಅಬುಧಾಬಿಯಲ್ಲಿ ಹೊರಗೆ ಬರುವಾಗ ಗಂಡ ಕಂಬಿಗೆ ಒರಗಿ ನಿಂತಿದ್ದರು. ಅವರಿಗೆ ಏನನ್ನೂ ತಿಳಿಸಿರಲಿಲ್ಲ. ನನ್ನ ಹಿಂದೆ ಬಂದವಳನ್ನು ಕಂಡು ಮುಖ ಅರಳಿತು. "ಓಹೋ, ಬನ್ನಿ ಬನ್ನಿ!" ಎಂದು ಬ್ಯಾಗಿಗೆ ಕೈ ಹಾಕಿದರು. ಮುಂದಿನದ್ದನ್ನು ಪುಣ್ಯಾತ್ಮ ಖುಷಿಯ ಭರದಲ್ಲಿ ಕೇಳಿಯೇಬಿಟ್ಟರು.

"ಎಷ್ಟು ದಿನ ಇರ್ತೀರಿ?"

ನಾನು ಅವರ ತೋಳನ್ನು ಉಗುರು ಊರುವಂತೆ ಚಿವುಟಿದೆ. ಅವಳು ನನ್ನ ಕೈ ಹಿಡಿದು ಬಿಡಿಸಿದಳು.

"ಕೇಳ್ಲಿ ಬಿಡು ಮಾರಾಯ್ತಿ" ಎಂದಳು. ಬೆರಳು ಮಡಿಸಿ ಎಣಿಸಿದಳು. ಗಂಡನ ಕಡೆ ತಿರುಗಿ, "ಒಂಬತ್ತು" ಎಂದಳು. ಮತ್ತೆ ತಡೆದು, ಮಡಿಸಿದ ಬೆರಳುಗಳ ಪಕ್ಕದಲ್ಲಿ ಇನ್ನೊಂದನ್ನು ಮಡಿಸಿದಳು.

"ಅಲ್ಲ ಅಣ್ಣಾ, ಹತ್ತು. ಇವತ್ತನ್ನೂ ಸೇರಿಸಿ."